ಕಡಲಾಳದಲ್ಲಿ ಕೈ ಹಿಡಿಯುವವರು ಯಾರು?

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ನಮ್ಮ ಮನೆತನಗಳಲ್ಲಿ ರಜೆಯ ಪ್ರವಾಸವೆಂದರೆ ಬಹುಕಾಲ ಕ್ಷೇತ್ರದರ್ಶನವೆಂದೇ ಅರ್ಥವಿತ್ತು. ಕೂಡಲಸಂಗಮಕ್ಕೆ ಹೋಗಿ ಬರುವುದು, ಉಳವಿಯ ಜಾತ್ರೆಗೆ ಚಕ್ಕಡಿ ಹೂಡುವುದು, ಜೀವಮಾನದಲ್ಲಿ ಒಮ್ಮೆಯಾದರೂ ಶ್ರೀಶೈಲವನ್ನು ಕಾಣುವುದು. ಇಷ್ಟಾದರೆ ಹಿರಿಯರ ಮನಸ್ಸು ತುಂಬುತ್ತಿತ್ತು. ಸಮುದ್ರವನ್ನು ನೋಡಿದವರೂ ಗೋಕರ್ಣದ ದಂಡೆಯಲ್ಲಿ ಮೊಣಕಾಲವರೆಗೆ ನೀರಿಗಿಳಿದು, ಕೈಮುಗಿದು ಹಿಂದಿರುಗಿದವರೇ.

ಈಗ ಮಕ್ಕಳ ಬೇಡಿಕೆ ಬೇರೆಯಾಗಿದೆ. ಪುನೀತ್ ರಾಜಕುಮಾರ್ ಅವರು ಅಗಲಿದ ಒಂದು ವರ್ಷದ ನಂತರ, 2022ರ ಅಕ್ಟೋಬರಿನಲ್ಲಿ ‘ಗಂಧದ ಗುಡಿ’ ತೆರೆ ಕಂಡಿತು. ಅದರಲ್ಲಿ ಅವರು ನೇತ್ರಾಣಿ ದ್ವೀಪದ ಬಳಿ ಕಡಲಾಳಕ್ಕೆ ಇಳಿಯುವ ದೃಶ್ಯವನ್ನು ಕಂಡಂದಿನಿಂದ ನಮ್ಮ ಮನೆಯಲ್ಲಿಯೂ ತಂಗಿಯ ಮಗನಿಗೆ ಒಂದೇ ಧ್ಯಾನ. ಹೋದ ದೀಪಾವಳಿಯ ಪಾಡ್ಯದ ದಿನ ಎಲ್ಲರೂ ಊಟಕ್ಕೆ ಕುಳಿತಾಗ ಅವನು ಫೋನು ತೆರೆದು ಬಣ್ಣಬಣ್ಣದ ಮೀನುಗಳನ್ನು ತೋರಿಸುತ್ತ, “ಮಾಂವಾ, ಎಲ್ಲಾರೂ ಸ್ಕೂಬಾಕ್ಕ ಹೋಗೋಣ್ರಿ” ಎಂದು ಹಟ ಹಿಡಿದ. ಎಂಬತ್ತು ದಾಟಿದ ನಮ್ಮ ಆಯಿ ಅದನ್ನೆಲ್ಲ ಸಮಾಧಾನದಿಂದ ನೋಡಿ ಎರಡೇ ಪ್ರಶ್ನೆ ಕೇಳಿದಳು. “ನೀರಾಗ ನಿನ್ನ ಕೈ ಯಾರು ಹಿಡೀತಾರ? ಕೊರಳಾಗಿನ ಲಿಂಗ ಏನ್ ಮಾಡ್ತಿ?”

ಈ ಎರಡು ಪ್ರಶ್ನೆಗಳಿಗಿಂತ ಮಿಗಿಲಾದ ಪ್ರಶ್ನೆ ನನಗೆ ಇದುವರೆಗೂ ದೊರೆತಿಲ್ಲ. ಕುಟುಂಬ ಸಮೇತ ಸ್ಕೂಬಾಕ್ಕೆ ಹೊರಡುವ ಮನೆಯ ಯಜಮಾನನು ದರಪಟ್ಟಿ, ಕೋಣೆ, ಊಟ ಇವನ್ನೆಲ್ಲ ವಿಚಾರಿಸುತ್ತಾನೆ. ಆದರೆ ಆಯಿಯ ಮೊದಲ ಪ್ರಶ್ನೆಯನ್ನು ಕೇಳುವವರು ವಿರಳ.

ಬಾವಿಯ ಈಜು, ಕಡಲ ಉಸಿರು

ನಮ್ಮ ಭಾಗದ ಗಂಡುಮಕ್ಕಳು ಈಜು ಕಲಿತದ್ದು ಹೊಲದ ಬಾವಿಯಲ್ಲಿ. ನಡುವಿಗೆ ಹಗ್ಗ, ಬೆನ್ನಿಗೆ ಒಣಗಿದ ಸೋರೆಬುರುಡೆ. ದಂಡೆಯ ಮೇಲೆ ಹಗ್ಗದ ತುದಿ ಹಿಡಿದು ನಿಂತ ಕಾಕಾ. ಹಗ್ಗ ಹಿಡಿದವನ ಮೇಲಿನ ನಂಬಿಗೆಯಿಂದಲೇ ಮಗು ನೀರಿಗೆ ಜಿಗಿಯುತ್ತಿತ್ತು. ಹಾಗೆ ಕಲಿತವರಿಗೆ ತಾವು ಈಜಿನಲ್ಲಿ ನಿಪುಣರೆಂಬ ಹೆಮ್ಮೆ ಇರುವುದು ಸಹಜ. ಆದರೆ ಸ್ಕೂಬಾದಲ್ಲಿ ಈ ಹೆಮ್ಮೆಯೇ ಅಪಾಯಕ್ಕೆ ದಾರಿಯಾದೀತು. ಬಾವಿ ಕಲಿಸುವ ಮೊದಲ ಪಾಠ ಉಸಿರು ಬಿಗಿಹಿಡಿಯುವುದು. ಸ್ಕೂಬಾದ ಮೊದಲ ನಿಯಮ ಉಸಿರನ್ನು ಎಂದಿಗೂ ಹಿಡಿಯಬಾರದೆಂಬುದು.

ಇದರ ಕಾರಣ ಸರಳವಾದುದು. ನೆಲದ ಮೇಲೆ ನಮ್ಮನ್ನು ಒತ್ತುವ ಗಾಳಿಯ ಭಾರವನ್ನು ಒಂದು ಎಂದು ಎಣಿಸಿದರೆ, ಸಮುದ್ರದಲ್ಲಿ 10 ಮೀಟರ್ ಕೆಳಗಿಳಿದಾಗ ಅದು ಎರಡಾಗುತ್ತದೆ. ಬೆನ್ನಿಗೆ ಕಟ್ಟಿದ ಸಿಲಿಂಡರಿನಲ್ಲಿರುವುದು ಬಹುಜನರು ತಿಳಿದಂತೆ ಆಮ್ಲಜನಕವಲ್ಲ. ಶೋಧಿಸಿ ಒತ್ತಿ ತುಂಬಿದ ಸಾಮಾನ್ಯ ಗಾಳಿ. ಬಾಯಿಗೆ ಕಚ್ಚಿಕೊಂಡ ರೆಗ್ಯುಲೇಟರು ಆ ಗಾಳಿಯನ್ನು ಸುತ್ತಲಿನ ನೀರಿನ ಒತ್ತಡಕ್ಕೆ ಸರಿಹೊಂದಿಸಿ ಕೊಡುತ್ತದೆ. ಫ್ರಾನ್ಸಿನ ಜಾಕ್ ಕುಸ್ಟೊ ಮತ್ತು ಎಮಿಲ್ ಗಾಗ್ನಾನ್ ಎಂಬಿಬ್ಬರು 1943ರಲ್ಲಿ ಸಾಧಿಸಿದ ಉಪಾಯವಿದು. 10 ಮೀಟರ್ ಆಳದಲ್ಲಿ ಎದೆ ತುಂಬ ಉಸಿರೆಳೆದು, ಗಾಬರಿಯಿಂದ ಅದನ್ನು ಬಿಗಿಹಿಡಿದು ಮೇಲಕ್ಕೆ ಚಿಮ್ಮಿದರೆ ಆ ಗಾಳಿ ಎರಡರಷ್ಟಾಗಿ ಹಿಗ್ಗಲು ಯತ್ನಿಸುತ್ತದೆ. ಶ್ವಾಸಕೋಶಕ್ಕೆ ಅಷ್ಟು ಹಿಗ್ಗುವ ಶಕ್ತಿಯಿಲ್ಲ. ಈ ಅನಾಹುತಕ್ಕೆ 10 ಮೀಟರೂ ಬೇಕಿಲ್ಲ, ಆಳೆತ್ತರದ ನೀರು ಸಾಕು.

ಮೊದಲ ಬಾರಿ ಇಳಿಯುವವರನ್ನು 12 ಮೀಟರಿಗಿಂತ ಕೆಳಗೆ ಒಯ್ಯಬಾರದೆಂಬುದು ಸ್ಕೂಬಾ ಕಲಿಕೆಯ ದೊಡ್ಡ ಸಂಸ್ಥೆಯಾದ ‘ಪ್ಯಾಡಿ’ಯ ನಿಯಮ. ನಮ್ಮ ಗೋಕಾಕ ಜಲಪಾತದ ಎತ್ತರ 52 ಮೀಟರ್. ಅದರ ಕಾಲುಭಾಗಕ್ಕೂ ಕಡಿಮೆಯೆನಿಸುವ ಆಳವಿದು. ಕೇಳಲು ಅಲ್ಪವೆನಿಸಿದರೂ ಆ ಆಳದಲ್ಲಿ ಗಾಬರಿಗೊಂಡ ಹೊಸಬನಿಗೆ ತಾನೇನು ಮಾಡಬೇಕೆಂದು ತೋಚುವುದಿಲ್ಲ. ಅವನ ರಕ್ಷಣೆ ಪೂರ್ತಿಯಾಗಿ ಪಕ್ಕದಲ್ಲಿರುವ ಶಿಕ್ಷಕನ ಕೈಯಲ್ಲಿರುತ್ತದೆ. ಆದುದರಿಂದ ಸ್ಕೂಬಾ ಸಂಸ್ಥೆಯನ್ನು ಆರಿಸುವುದೆಂದರೆ ದೋಣಿಯನ್ನೋ ಅಂಗಡಿಯ ಫಲಕವನ್ನೋ ಆರಿಸುವುದಲ್ಲ, ಹಗ್ಗ ಹಿಡಿಯುವ ಆ ಕಾಕಾನನ್ನು ಆರಿಸುವುದು.

ನಾವು ತಪ್ಪಿದ್ದು ಮತ್ತು ತಿದ್ದಿಕೊಂಡದ್ದು

ಈ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣವುಂಟು. ಕೆಲವು ವರ್ಷಗಳ ಹಿಂದೆ ಒಂದು ಕಡಲತೀರಕ್ಕೆ ನಾವು ಹೋಗಿದ್ದೆವು. ಆ ಊರಿನ ಹೆಸರು ಇಲ್ಲಿ ಬೇಡ. ವಸತಿಗೃಹದ ಹುಡುಗನೊಬ್ಬ, “ಅಲ್ಲಿಗಿಂತ ಅರ್ಧ ರೇಟಿಗೆ ಮಾಡಿಸಿಕೊಡ್ತೇನೆ” ಎಂದು ಕರೆದೊಯ್ದ. ಇಂಗ್ಲಿಷಿನ ಎರಡು ಪುಟದ ಕಾಗದಕ್ಕೆ ನಿಂತಲ್ಲಿಯೇ ಸಹಿ ಹಾಕಿಸಿದರು. ಯಾರಿಗೆ ಯಾವ ರೋಗವಿದೆ, ಯಾರಿಗೆ ನೆಗಡಿಯಾಗಿದೆ ಎಂದು ಒಬ್ಬರೂ ಕೇಳಲಿಲ್ಲ. ಹತ್ತು ನಿಮಿಷದ ವಿವರಣೆ ಹಿಂದಿಯಲ್ಲಿ ನಡೆಯಿತು. ನನ್ನ ತಂಗಿಗೆ ಅದರಲ್ಲಿ ಅರ್ಧ ಮಾತ್ರ ತಿಳಿಯಿತು. ನೀರಿಗಿಳಿದ ಮೇಲೆ ಒಬ್ಬನೇ ಶಿಕ್ಷಕ ನಮ್ಮ ಮೂವರನ್ನು ನೋಡಿಕೊಳ್ಳುತ್ತ ಇನ್ನೊಂದು ಕೈಯಲ್ಲಿ ಕ್ಯಾಮೆರಾ ಹಿಡಿದು ಚಿತ್ರ ತೆಗೆಯುತ್ತಿದ್ದ. ತಂಗಿಗೆ ಅಂದು ನೆಗಡಿಯಿತ್ತು. ಕೆಳಗಿಳಿದಂತೆ ಕಿವಿ ಸಿಡಿಯತೊಡಗಿತು. ಅವಳು ಕೈಬೀಸಿದ್ದನ್ನು ಅವನು ಸಂತೋಷದ ಸನ್ನೆಯೆಂದು ತಿಳಿದ. ಮೇಲೆ ಬಂದಾಗ ಕಿವಿಯಲ್ಲಿ ರಕ್ತದ ಕಲೆ. ಊರಿಗೆ ಬಂದು ಒಂದು ತಿಂಗಳು ಕಿವಿಯ ವೈದ್ಯರಲ್ಲಿಗೆ ಓಡಾಡಿದೆವು. ಉಳಿದದ್ದು ಅರ್ಧ ರೇಟು, ತೆತ್ತದ್ದು ನಾಲ್ಕರಷ್ಟು.

ಆದ ಕಾರಣ ಹೋದ ಡಿಸೆಂಬರಿನ ಪ್ರವಾಸಕ್ಕೆ ತಿಂಗಳ ಮೊದಲೇ ವಿಚಾರಣೆ ಆರಂಭಿಸಿದೆ. ಮುರುಡೇಶ್ವರದ ಮೂರು ನಾಲ್ಕು ಕಡೆಗಳಿಗೆ ಫೋನು ಮಾಡಿದೆ. ದರ ಕೇಳುವ ಮೊದಲು ಒಂದೇ ಪ್ರಶ್ನೆ: “ಆ ದಿನ ಹವೆ ಕೆಟ್ಟರೆ ಏನು ಮಾಡುತ್ತೀರಿ?” ಒಬ್ಬರು, “ಏನೂ ಆಗೂದಿಲ್ಲ, ದಿನಾ ಹೋಗ್ತೇವೆ, ನೀವು ಬನ್ನಿ” ಎಂದರು. ಇನ್ನೊಬ್ಬರು, “ಗಾಳಿ ಎದ್ದರೆ ದೋಣಿ ಬಿಡುವುದಿಲ್ಲ, ಮರುದಿನ ಬನ್ನಿ, ಇಲ್ಲವೆ ಹಣ ವಾಪಸು ತೆಗೆದುಕೊಳ್ಳಿ” ಎಂದರು. ಎರಡನೆಯವರಲ್ಲಿಗೆ ಹೋದೆವು.

ಅಲ್ಲಿ ಮೊದಲು ಕೊಟ್ಟದ್ದು ಆರೋಗ್ಯದ ಪ್ರಶ್ನಾವಳಿ. ಶಿಕ್ಷಕನೇ ಕುಳಿತು ಒಂದೊಂದನ್ನೂ ಕನ್ನಡದಲ್ಲಿ ಓದಿ ಹೇಳಿದ. ಉಬ್ಬಸ, ಹೃದಯದ ಕಾಯಿಲೆ, ಮೂರ್ಛೆರೋಗ, ಎದೆಯ ಅಥವಾ ಕಿವಿಯ ಶಸ್ತ್ರಕ್ರಿಯೆ, ಇನ್ಸುಲಿನ್ ತೆಗೆದುಕೊಳ್ಳುವ ಸಕ್ಕರೆ ಕಾಯಿಲೆ, ಗರ್ಭ. ನಮ್ಮ ಅಣ್ಣನಿಗೆ ಚಿಕ್ಕಂದಿನಿಂದ ಉಬ್ಬಸ. ವರ್ಷಗಳಿಂದ ಬಂದಿಲ್ಲವೆಂದು ಅವನು ‘ಇಲ್ಲ’ ಎಂಬಲ್ಲಿ ಗುರುತು ಹಾಕಿದ್ದ. ಅತ್ತಿಗೆ ಸುಮ್ಮನಿರಲಿಲ್ಲ, ಅವನ ಚೀಲದಲ್ಲಿದ್ದ ಪಂಪನ್ನು ತೆಗೆದು ಮೇಜಿನ ಮೇಲಿಟ್ಟಳು. ಶಿಕ್ಷಕ ಅದನ್ನು ನೋಡಿ ನಯವಾಗಿಯೇ, “ನೀವು ಇಳಿಯುವುದು ಬೇಡ ಸರ್. ವೈದ್ಯರ ಪತ್ರ ತಂದರೆ ಮುಂದಿನ ಸಲ ನೋಡೋಣ” ಎಂದು ಅವನ ಪಾಲಿನ ಹಣವನ್ನು ಮರಳಿಸಿದ. ಅಣ್ಣ ಮುನಿದು ಒಂದು ಗಂಟೆ ಮಾತನಾಡಲಿಲ್ಲ. ನನಗಾದರೋ ಅದೇ ಕ್ಷಣ ಈ ಮನುಷ್ಯನ ಕೈಗೆ ಮಕ್ಕಳನ್ನು ಕೊಡಬಹುದೆಂಬ ಧೈರ್ಯ ಬಂದಿತು. ಬಂದ ಗಿರಾಕಿಯನ್ನು ‘ಬೇಡ’ ಎಂದು ಹಿಂದಿರುಗಿಸುವವನಿಗೆ ಮುಳುಗಿಸುವ ಅವಸರವಿರುವುದಿಲ್ಲ.

ವಯಸ್ಸಿನ ಮಾತೂ ಹೀಗೆಯೇ. ಪ್ಯಾಡಿಯ ನಿಯಮದಂತೆ ಹತ್ತು ವರ್ಷ ತುಂಬದ ಮಗುವನ್ನು ಸಮುದ್ರದಲ್ಲಿ ಸ್ಕೂಬಾಕ್ಕೆ ಇಳಿಸುವಂತಿಲ್ಲ. “ಎಂಟು ವರ್ಷವಾದರೂ ಆದೀತು, ಹತ್ತು ಅಂತ ಬರೆಯಿರಿ” ಎನ್ನುವವರು ಸಿಕ್ಕರೆ ಅಲ್ಲಿಂದ ಎದ್ದು ಬರುವುದು ಲೇಸು.

ಕೇಳಬೇಕಾದುದನ್ನು ಸಂಕೋಚವಿಲ್ಲದೆ ಕೇಳಬೇಕು. ನಮ್ಮವರಿಗೆ ಇಂತಹ ಕಡೆ ಅತಿಯಾದ ದಾಕ್ಷಿಣ್ಯ. ಎತ್ತು ಕೊಳ್ಳುವಾಗ ಹಲ್ಲು ಎಣಿಸುವ ನಾವು ಇಲ್ಲಿ ಶಿಕ್ಷಕನ ಪ್ರಮಾಣಪತ್ರವನ್ನು ತೋರಿಸಿರೆನ್ನಲು ನಾಚುತ್ತೇವೆ. ಪ್ಯಾಡಿಯಂತಹ ಸಂಸ್ಥೆಗಳು ಶಿಕ್ಷಕರಿಗೆ ಸಂಖ್ಯೆಯುಳ್ಳ ಗುರುತಿನ ಚೀಟಿ ಕೊಟ್ಟಿರುತ್ತವೆ. ಆ ಸಂಖ್ಯೆ ಚಾಲ್ತಿಯಲ್ಲಿದೆಯೋ ಇಲ್ಲವೋ ಎಂಬುದನ್ನು ಮನೆಯಲ್ಲಿ ಕುಳಿತೇ ನೋಡಬಹುದು. ಸಂಸ್ಥೆಗೆ ಚೀಟಿಯಿದ್ದರೆ ಸಾಲದು, ನಿಮ್ಮೊಡನೆ ನೀರಿಗಿಳಿಯುವ ವ್ಯಕ್ತಿಗೆ ಇರಬೇಕು. ಒಬ್ಬ ಹೊಸಬನಿಗೆ ಒಬ್ಬ ಶಿಕ್ಷಕನಿರುವನೇ, ಚಿತ್ರ ತೆಗೆಯಲು ಬೇರೆಯವನಿರುವನೇ ಎಂದು ಕೇಳಿರಿ. ಸಿಲಿಂಡರಿನ ಹೆಗಲ ಮೇಲೆ ಒತ್ತಡದ ಪರೀಕ್ಷೆ ನಡೆದ ತಿಂಗಳು, ವರ್ಷಗಳನ್ನು ಕೊರೆದಿರುತ್ತಾರೆ, ಬಗ್ಗಿ ಓದಿರಿ. ದೋಣಿಯಲ್ಲಿ ತುರ್ತಿಗೆ ಆಮ್ಲಜನಕದ ಪೆಟ್ಟಿಗೆ ಇದೆಯೇ ಎಂದು ವಿಚಾರಿಸಿರಿ.

ಸನ್ನೆಗಳ ಪಾಠವನ್ನು ತಿಳಿಯುವ ಭಾಷೆಯಲ್ಲಿಯೇ ಹೇಳಿಸಿಕೊಳ್ಳಬೇಕು. ನೀರೊಳಗೆ ಮಾತಿಲ್ಲ, ಸನ್ನೆಯೇ ಮಾತು. ನಾವು ದಿನನಿತ್ಯ ‘ಚಲೋ ಐತಿ’ ಎಂದು ಹೆಬ್ಬೆರಳು ಎತ್ತುತ್ತೇವಲ್ಲ, ಕಡಲಾಳದಲ್ಲಿ ಅದರ ಅರ್ಥ ‘ನನ್ನನ್ನು ಮೇಲೆ ಒಯ್ಯಿರಿ’ ಎಂದು. ಚಲೋ ಇದೆಯೆನ್ನಲು ಹೆಬ್ಬೆರಳು ಮತ್ತು ತೋರುಬೆರಳುಗಳನ್ನು ಉಂಗುರದಂತೆ ಕೂಡಿಸಬೇಕು. ಕಿವಿ ನೋಯತೊಡಗಿದರೆ ಕಿವಿಯನ್ನು ತೋರಿಸಿ ಅಂಗೈಯನ್ನು ಅತ್ತಿತ್ತ ಅಲುಗಿಸಬೇಕು. ಒಳ್ಳೆಯ ಸಂಸ್ಥೆಯವರು ಇದನ್ನೂ, ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳುವುದನ್ನೂ, ಬಾಯಿಂದ ಜಾರಿದ ರೆಗ್ಯುಲೇಟರನ್ನು ಮತ್ತೆ ಕಚ್ಚಿಕೊಳ್ಳುವುದನ್ನೂ ಮೊದಲು ಎದೆಮಟ್ಟದ ನೀರಿನಲ್ಲಿ ಅಭ್ಯಾಸ ಮಾಡಿಸುತ್ತಾರೆ. ನಮ್ಮ ಶಿಕ್ಷಕ ತಂಗಿಯ ಮಗನನ್ನು, “ಈಜು ಎಲ್ಲಿ ಕಲಿತೆ?” ಎಂದು ಕೇಳಿದ. “ಬಾವ್ಯಾಗ್ರಿ” ಎಂದೊಡನೆ ನಕ್ಕು, “ಹಾಗಾದರೆ ನೀನು ಉಸಿರು ಹಿಡಿಯುವವನು” ಎಂದು ಅವನಿಂದ ಮತ್ತೆ ಹತ್ತು ಸಲ ಉಸಿರಾಟ ಮಾಡಿಸಿದ.

ಎರಡು ದಾರಿಗಳು, ಎರಡು ಘಟ್ಟಗಳು

ನಮ್ಮ ಸೀಮೆಯವರಿಗೆ ಸ್ಕೂಬಾದ ಕಡಲಿಗೆ ಮುಖ್ಯವಾಗಿ ಎರಡು ದಾರಿ. ಹುಕ್ಕೇರಿ ತಾಲೂಕಿನ ಸಂಕೇಶ್ವರದಿಂದ ಗಡಹಿಂಗ್ಲಜ, ಆಜರಾ ಮಾರ್ಗವಾಗಿ ಅಂಬೋಲಿ ಘಟ್ಟವಿಳಿದರೆ ಸಾವಂತವಾಡಿ, ಮುಂದೆ ಮಾಲವಣ ಮತ್ತು ತಾರ್ಕರ್ಲಿ. ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮದ ಸ್ಕೂಬಾ ತರಬೇತಿ ಸಂಸ್ಥೆ ತಾರ್ಕರ್ಲಿಯಲ್ಲಿದೆ. ಇನ್ನೊಂದು, ಧಾರವಾಡ, ಹುಬ್ಬಳ್ಳಿ, ಯಲ್ಲಾಪುರಗಳನ್ನು ದಾಟಿ ಅರಬೈಲು ಘಟ್ಟವಿಳಿದು ಅಂಕೋಲೆಯಿಂದ ಮುರುಡೇಶ್ವರಕ್ಕೆ. ಗೋಕಾಕದಿಂದ ಮುನ್ನೂರು ಕಿಲೋಮೀಟರಿಗೂ ಮೇಲಾಗುತ್ತದೆ. ಅಲ್ಲಿಂದ ಸುಮಾರು 19 ಕಿಲೋಮೀಟರ್ ಕಡಲಿನಲ್ಲಿ ಸಾಗಿದರೆ ನೇತ್ರಾಣಿ. ಜನವಸತಿಯಿಲ್ಲದ ದ್ವೀಪ, ಬಂಡೆಗಳ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದು, ನೀರೊಳಗೆ ಹವಳ, ಗಿಳಿಮೀನು, ಅದೃಷ್ಟವಿದ್ದರೆ ಆಮೆ. ಮುರುಡೇಶ್ವರದ ದೇವಾಲಯವನ್ನು ಜೀರ್ಣೋದ್ಧಾರ ಮಾಡಿ 123 ಅಡಿಯ ಶಿವನ ಮೂರ್ತಿಯನ್ನು ನಿಲ್ಲಿಸಿದ ಆರ್.ಎನ್. ಶೆಟ್ಟಿ ಅವರ ಸಂಸ್ಥೆಯೇ ನಮ್ಮ ಹಿಡಕಲ್ ಅಣೆಕಟ್ಟಿನ ಕೆಲಸವನ್ನೂ ಮಾಡಿತ್ತೆಂಬುದನ್ನು ಅಲ್ಲಿ ನಿಂತಾಗ ಅಪ್ಪ ನೆನಪಿಸಿದರು.

ಕಾಲದ ವಿಷಯದಲ್ಲಿ ಹೇಳುವುದಾದರೆ, ಮಳೆಗಾಲದ ನಾಲ್ಕು ತಿಂಗಳು ಸ್ಕೂಬಾ ನಿಂತಿರುತ್ತದೆ. ಅಕ್ಟೋಬರಿನಿಂದ ಮೇ ತಿಂಗಳವರೆಗೆ ನಡೆದರೂ ಶಾಲೆಯ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಕಡಲು ಕೆರಳಲಾರಂಭಿಸಿರುತ್ತದೆ. 2022ರ ಮೇ 24ರಂದು ಸ್ಕೂಬಾ ಮುಗಿಸಿ ಮರಳುತ್ತಿದ್ದ ಪ್ರವಾಸಿಗರ ದೋಣಿ ತಾರ್ಕರ್ಲಿಯ ಬಳಿ ಮಗುಚಿ ಇಬ್ಬರು ಅಸುನೀಗಿದರು. ಮುಳುಗುವ ಆಟದಲ್ಲಿ ಪಾರಾದವರು ಮರಳುವ ದಾರಿಯಲ್ಲಿ ಮುಳುಗಿದರು. ಹೀಗಾಗಿ ಹೋಗುವಾಗಲೂ ಬರುವಾಗಲೂ ಪ್ರತಿಯೊಬ್ಬರ ಮೈಮೇಲೆ ಜೀವರಕ್ಷಕ ಜಾಕೀಟು ಇರಬೇಕೆಂದು ಹಟ ಹಿಡಿಯಬೇಕು. ಎಣಿಕೆಗಿಂತ ಹೆಚ್ಚು ಜನರನ್ನು ಹತ್ತಿಸಿದ ದೋಣಿಯನ್ನು ಏರಲೇಬಾರದು.

ದಂಡೆಯಲ್ಲಿ ಉಳಿಯುವವರ ಬಗೆಗೂ ಯೋಚಿಸಬೇಕು. 2024ರ ಡಿಸೆಂಬರ್ 10ರಂದು ಮುರುಡೇಶ್ವರದ ಕಡಲತೀರದಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಅಲೆಗಳ ಪಾಲಾದರು. ಅವರು ಆಳಕ್ಕೆ ಹೋದವರಲ್ಲ, ದಂಡೆಯಲ್ಲಿ ಆಡುತ್ತಿದ್ದವರು. ಮನೆಯ ದೊಡ್ಡವರೆಲ್ಲ ದೋಣಿಯೇರಿ, ಚಿಕ್ಕ ಮಕ್ಕಳನ್ನು ಆಯಿಯ ವಶಕ್ಕೆ ಬಿಟ್ಟು ಹೋಗುವುದು ಸ್ಕೂಬಾಕ್ಕಿಂತ ಅಪಾಯಕರ. ನಮ್ಮಲ್ಲಿ ಅಣ್ಣನೇ ದಂಡೆಯಲ್ಲುಳಿದ. ಹಾಗೆ ಅವನ ಮುನಿಸಿಗೂ ಒಂದು ಕೆಲಸ ದೊರೆಯಿತು.

ಘಟ್ಟದ ವಿಷಯವನ್ನು ಮಾತ್ರ ನಮ್ಮವರಲ್ಲಿ ಬಹಳ ಜನ ಅರಿಯರು. ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯಲ್ಲಿನ ಸಾರಜನಕವು ಸ್ವಲ್ಪ ಸ್ವಲ್ಪವಾಗಿ ರಕ್ತದಲ್ಲಿ ಕರಗುತ್ತದೆ. ಮೇಲೆ ಬಂದ ಮೇಲೆ ಅದು ನಿಧಾನವಾಗಿ ಹೊರಹೋಗಬೇಕು. ಹೊರಗಿನ ಒತ್ತಡ ಒಮ್ಮೆಲೆ ಕುಗ್ಗಿದರೆ ಗೋಲಿ ಸೋಡಾದ ಗೋಲಿ ಒತ್ತಿದಾಗ ಗುಳ್ಳೆ ಏಳುವಂತೆ ದೇಹದಲ್ಲಿ ಗುಳ್ಳೆಗಳು ಏಳಬಹುದು. ಒಂದೇ ಬಾರಿ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಬಾರಿ ಮುಳುಗಿದವರು 18 ಗಂಟೆ ವಿಮಾನವೇರಬಾರದೆಂದು ತಜ್ಞರು ಹೇಳುವುದು ಇದಕ್ಕಾಗಿಯೇ. ನಾವು ವಿಮಾನವೇರುವುದಿಲ್ಲವೆಂದು ಸಮಾಧಾನಪಡುವಂತಿಲ್ಲ. ಅಂಬೋಲಿ ಸಮುದ್ರಮಟ್ಟಕ್ಕಿಂತ ಸುಮಾರು 700 ಮೀಟರ್ ಎತ್ತರದಲ್ಲಿದೆ, ಬೆಳಗಾವಿ ಸುಮಾರು 750 ಮೀಟರ್. ಹುಬ್ಬಳ್ಳಿಯೂ 600 ಮೀಟರಿಗೆ ಕಡಿಮೆಯಿಲ್ಲ. ಆಳವಿಲ್ಲದ ಒಂದು ಮುಳುಗಿನಿಂದ ಅಪಾಯ ಅಲ್ಪವೇ ಸರಿ. ಆದರೂ ಬೆಳಗ್ಗೆ ಕಡಲಾಳ, ಸಂಜೆ ಘಟ್ಟ, ರಾತ್ರಿ ಮನೆ ಎಂಬ ನಮ್ಮವರ ಲೆಕ್ಕಾಚಾರ ಒಳ್ಳೆಯದಲ್ಲ. “ನೀವು ಊರಿಗೆ ಎಂದು ಹೊರಡುತ್ತೀರಿ, ಯಾವ ದಾರಿ?” ಎಂದು ತಾವಾಗಿಯೇ ಕೇಳುವ ಸಂಸ್ಥೆ ದೊರೆತರೆ ಹೆಚ್ಚು ಯೋಚಿಸದೆ ಒಪ್ಪಬಹುದು. ನಮ್ಮನ್ನು ಹಾಗೆ ಕೇಳಿದರು. ಒಂದು ರಾತ್ರಿಯ ಕೋಣೆ ಬಾಡಿಗೆ ಹೆಚ್ಚಾಯಿತೆಂದು ಅಪ್ಪ ಗೊಣಗಿದರು, ಅಷ್ಟೇ. ಹೋಗುವಾಗಲೂ ಹಾಗೆಯೇ, ರಾತ್ರಿಯೆಲ್ಲ ಗಾಡಿಯಲ್ಲಿ ನಿದ್ದೆಗೆಟ್ಟು ಬೆಳಗ್ಗೆ ನೀರಿಗಿಳಿಯುವುದು ಸಲ್ಲದು. ದೋಣಿಯೇರುವ ಮೊದಲು ಹೊಟ್ಟೆ ತುಂಬ ಮಿರ್ಚಿ ಭಜಿ ತಿಂದವರ ಪಾಡನ್ನು ನಾನು ಬಣ್ಣಿಸಲಾರೆ. ಎರಡು ಇಡ್ಲಿ ಸಾಕು. ನಾವು ಒಯ್ದ ಗೋಕಾಕದ ಕರದಂಟನ್ನು ಮರಳುವಾಗಲೇ ಬಿಚ್ಚಿದೆವು.

ಇನ್ನು ಆಯಿಯ ಎರಡನೆಯ ಪ್ರಶ್ನೆ. ಮುಳುಗುವವನ ಮೈಮೇಲೆ ತೂಗಾಡುವ ವಸ್ತು ಯಾವುದೂ ಇರಬಾರದು. ಕೊರಳ ದಾರ ಗಾಳಿಯ ಕೊಳವೆಗೆ ಸುತ್ತಿಕೊಂಡೀತು, ಕಿತ್ತು ಹೋದರೆ ಕಡಲಿನಲ್ಲಿ ಹುಡುಕಲಾಗದು. ಲಿಂಗವನ್ನು ಮೈಯಿಂದ ಅಗಲಿಸುವುದು ನಮಗೆ ಸಲ್ಲದು. ನಾನು ಇದನ್ನು ಶಿಕ್ಷಕನಿಗೆ ಮೊದಲೇ ಫೋನಿನಲ್ಲಿ ವಿವರಿಸಿದೆ. ಅವನು ನಗಲಿಲ್ಲ, ಅವಸರಿಸಲಿಲ್ಲ. ಮೈಗಂಟಿದ ರಬ್ಬರಿನ ಉಡುಪಿನ ಒಳಗೆ, ಎದೆಗೆ ಬಟ್ಟೆಯಿಂದ ಬಿಗಿದು ಕಟ್ಟಿಕೊಂಡರೆ ಅಡ್ಡಿಯಿಲ್ಲವೆಂದ. ನೀರಿಗಿಳಿಯುವ ಮುನ್ನ ತಾನೇ ಕೈಯಾಡಿಸಿ ಗಂಟು ನೋಡಿದ. ಕರಡಿಗೆಯೊಳಗೆ ಉಪ್ಪುನೀರು ಹೋಗಿತ್ತು. ಮೇಲೆ ಬಂದೊಡನೆ ಸಿಹಿನೀರಿನಿಂದ ತೊಳೆದು ಒರೆಸಿದೆವು. ಇದು ಎಲ್ಲರಿಗೂ ಒಪ್ಪಿತವೆಂದು ಹೇಳುವ ಅಧಿಕಾರ ನನಗಿಲ್ಲ. ಸಂದೇಹವಿದ್ದವರು ತಮ್ಮ ಗುರುಗಳನ್ನು ಕೇಳಿಕೊಳ್ಳುವುದು ಯೋಗ್ಯ.

ತಂಗಿಯ ಮಗ ಇಪ್ಪತ್ತು ನಿಮಿಷ ನೀರೊಳಗಿದ್ದು ಮೇಲೆ ಬಂದ. ತಂಗಿ ಈ ಸಲ ಇಳಿಯಲಿಲ್ಲ; ದೋಣಿಯ ಅಂಚಿನಲ್ಲಿ ಕುಳಿತು ಅಷ್ಟು ಹೊತ್ತೂ ಗುಳ್ಳೆಗಳನ್ನೇ ನೋಡುತ್ತಿದ್ದಳು. ಸಂಜೆ ವಸತಿಗೃಹದಲ್ಲಿ ಹುಡುಗ ಆಮೆಯನ್ನು ಕಂಡ ಕಥೆಯನ್ನು ಮೂರನೆಯ ಬಾರಿ ಹೇಳುತ್ತಿದ್ದಾಗ ಆಯಿ ಅವನನ್ನು ತಡೆದು ಕೇಳಿದಳು. “ಕೈ ಬಿಟ್ಟಿದ್ನೇನು ಅಂವಾ?”

“ಇಲ್ಲ ಆಯಿ, ಒಮ್ಮಿನೂ ಬಿಡ್ಲಿಲ್ಲ.”

“ಹಂಗಾದ್ರ ಅವನ ಹೆಸರ ಬರಕೊಂಡ ಇಡು” ಎಂದಳು ಆಯಿ.